ಐದು ತಿಂಗಳ ಪಾಪು, ಇಬ್ಬರು ದೊಡ್ಡ ಮಕ್ಕಳು, ಎರಡು ಟೆಂಟ್

ಪ್ರಶ್ನೆ: ನಮಗೆ ಮೂವರು ಮಕ್ಕಳು. ಮಗಳಿಗೆ 10 ವರ್ಷ, ಮಗನಿಗೆ 7, ಕೊನೆಯ ಪಾಪುವಿಗೆ ಈಗ 5 ತಿಂಗಳು. ಮೊದಲೆಲ್ಲ ವರ್ಷಕ್ಕೊಮ್ಮೆ ಟೆಂಟ್ ತೆಗೆದುಕೊಂಡು ಹೋಗಿ ಎರಡು ರಾತ್ರಿ ಹೊರಗೆ ಇದ್ದು ಬರುತ್ತಿದ್ದೆವು. ಹೋದ ವರ್ಷ ನಾನು ಬಸುರಿ, ಆಗಲಿಲ್ಲ. ಈ ಸಲ ದೊಡ್ಡವರಿಬ್ಬರೂ ಬಿಡುತ್ತಿಲ್ಲ. ನಮ್ಮವರು 'ಪಾಪುಗೆ ಒಂದು ವರ್ಷ ತುಂಬಲಿ, ಆಮೇಲೆ ನೋಡೋಣ' ಅನ್ನುತ್ತಾರೆ. ಅತ್ತೆಯವರಿಗೆ ರಾತ್ರಿಯ ಚಳಿ ಮತ್ತು ಸೊಳ್ಳೆಯ ಭಯ. ಪಾಪು ಎದೆಹಾಲು ಮಾತ್ರ ಕುಡಿಯುತ್ತದೆ, ಈಗಷ್ಟೇ ಮಗುಚಿಕೊಳ್ಳಲು ಕಲಿಯುತ್ತಿದೆ. ಹೋಗಬಹುದಾ? ಮಗಳಿಗೆ ಏನಂತ ಹೇಳಲಿ?

ಉತ್ತರ:

ಹೋಗಬಹುದು. ಪಾಪು ತಿಂಗಳು ತುಂಬಿ ಹುಟ್ಟಿದೆ, ತೂಕ ಸರಿಯಾಗಿ ಏರುತ್ತಿದೆ, ಲಸಿಕೆಗಳು ಸಮಯಕ್ಕೆ ಆಗಿವೆ ಅನ್ನುವುದಾದರೆ ಧೈರ್ಯವಾಗಿ ಹೊರಡಿ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಉಸಿರಾಟದ್ದೋ ಹೃದಯದ್ದೋ ತೊಂದರೆ ಇದ್ದರೆ, ಪಾಪುವನ್ನು ನೋಡುವ ಡಾಕ್ಟರನ್ನು ಕೇಳದೆ ಹೊರಡಬೇಡಿ.

ನಿಮ್ಮವರ ಮಾತಿನ ಬಗ್ಗೆ ಮೊದಲು ಹೇಳುತ್ತೇನೆ. ಒಂದು ವರ್ಷ ತುಂಬಲಿ ಅನ್ನುವುದು ಎಲ್ಲರೂ ಹೇಳುವ ಮಾತು. ಆದರೆ ಒಂದು ವರ್ಷದ ಮಗುವಿನ ಜೊತೆ ಟೆಂಟಿನಲ್ಲಿ ಇರುವುದು ಐದು ತಿಂಗಳ ಮಗುವಿಗಿಂತ ಕಷ್ಟ. ಒಂದು ವರ್ಷದ ಮಗು ಅಂಬೆಗಾಲಿಡುತ್ತದೆ, ನಿಲ್ಲುತ್ತದೆ, ಕಲ್ಲು ಕಡ್ಡಿ ಎಲೆ ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ, ಬೆಂಕಿಯ ಕಡೆಗೇ ಹೋಗುತ್ತದೆ. ಐದು ತಿಂಗಳ ಪಾಪುವನ್ನು ಎಲ್ಲಿ ಮಲಗಿಸಿದರೆ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಊಟ ನಿಮ್ಮ ಎದೆಯಲ್ಲೇ ಇದೆ. ಬಾಟಲಿ ಕುದಿಸುವ ಕೆಲಸವೂ ಇಲ್ಲ. ಈಗ ಕಾದರೆ ಕಷ್ಟದ ವಯಸ್ಸಿಗೇ ಕಾದ ಹಾಗೆ ಆಗುತ್ತದೆ. ಎರಡು ಮೂರು ತಿಂಗಳೂ ತುಂಬದ ಮಗು ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಅಷ್ಟು ಎಳೆಯ ಮಗುವಿಗೆ ಜ್ವರ ಬಂದರೆ ತಕ್ಷಣ ಆಸ್ಪತ್ರೆ ಬೇಕು.

ನಾನು ಮಕ್ಕಳ ಡಾಕ್ಟರು. ಇಬ್ಬರು ಹೆಣ್ಣುಮಕ್ಕಳ ತಾಯಿ ಕೂಡ, ಇಬ್ಬರ ನಡುವೆ 8 ವರ್ಷದ ಅಂತರ. ಚಿಕ್ಕವಳಿಗೆ 4 ತಿಂಗಳಿದ್ದಾಗ ಮೊದಲ ಸಲ ನಾಲ್ಕೂ ಜನ ಟೆಂಟಿಗೆ ಹೋದೆವು. ಪಾಪುವಿಗಾಗಿ ಎಲ್ಲ ತಯಾರಿ ಮಾಡಿಕೊಂಡಿದ್ದೆ. ಬಟ್ಟೆ, ಔಷಧಿ, ಸೊಳ್ಳೆಪರದೆ, ಥರ್ಮಾಮೀಟರ್ ಏನೂ ಬಿಟ್ಟಿರಲಿಲ್ಲ. ದೊಡ್ಡವಳಿಗೆ ಒಂದು ಜಲಪಾತ ತೋರಿಸುತ್ತೇನೆ ಅಂತ ಹೇಳಿದ್ದೆ. ಅರ್ಧ ದಾರಿಯಲ್ಲಿ ಪಾಪು ಅಳಲು ಶುರುಮಾಡಿತು. ಬಿಸಿಲು ಏರುತ್ತಿತ್ತು. ಎಲ್ಲರೂ ವಾಪಸ್ ಬಂದೆವು. ಮಧ್ಯಾಹ್ನ ಮತ್ತೆ ಹೊರಟೆವು, ಮತ್ತೆ ಹಾಗೇ ಆಯಿತು. ದೊಡ್ಡವಳು ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದಳು, 'ಇನ್ಮೇಲೆ ಯಾವಾಗಲೂ ಹೀಗೇನಾ ಅಮ್ಮ?' ಪಾಪುವಿಗೆ ಏನೂ ಆಗಿರಲಿಲ್ಲ. ತಪ್ಪಿದ್ದು ನನ್ನ ಲೆಕ್ಕ. ನಾಲ್ಕೂ ಜನ ಎಲ್ಲ ಹೊತ್ತೂ ಒಟ್ಟಿಗೇ ಇರಬೇಕು ಅಂದುಕೊಂಡಿದ್ದೆ.

ಅಂದಿನಿಂದ ನಾನು ಕೈಗಳನ್ನು ಎಣಿಸುತ್ತೇನೆ. ಪಾಪು ಯಾರ ಕೈಯಲ್ಲಿದೆಯೋ ಅವರ ಎರಡೂ ಕೈ ತುಂಬಿದೆ ಅಂತ ತಿಳಿಯಿರಿ. ಜೋಳಿಗೆಯಲ್ಲಿ ಕಟ್ಟಿಕೊಂಡಿದ್ದರೂ ಅಷ್ಟೇ. ಅವರು ಒಲೆಯ ಹತ್ತಿರ ಹೋಗಬಾರದು, ನೀರಿನಲ್ಲಿ ಆಡುವ ಮಕ್ಕಳನ್ನು ಕಾಯಬಾರದು, ಟೆಂಟಿನ ಗೂಟ ಹೊಡೆಯಬಾರದು. ಆ ಕೆಲಸಗಳಿಗೆ ಕೈ ಖಾಲಿ ಇರುವ ಇನ್ನೊಬ್ಬ ದೊಡ್ಡವರು ಬೇಕು. ನೀವು ಇಬ್ಬರೇ ಹೋಗುವುದಾದರೆ ಒಂದು ಹೊತ್ತಿನಲ್ಲಿ ಒಂದೇ ದೊಡ್ಡ ಕೆಲಸ. ಅಡುಗೆ ನಡೆಯುತ್ತಿದ್ದರೆ ನೀರಾಟ ಇಲ್ಲ. ನೀರಾಟ ನಡೆಯುತ್ತಿದ್ದರೆ ಒಲೆ ಆರಿರಬೇಕು. ತಂಗಿಯೋ ಭಾವನೋ ಸ್ನೇಹಿತರೋ ಒಬ್ಬರು ಜೊತೆಗೆ ಬಂದರೆ ಎಷ್ಟೋ ಹಗುರವಾಗುತ್ತದೆ. ಅತ್ತೆಯವರಿಗೆ ಮನಸ್ಸಿದ್ದರೆ ಅವರನ್ನೇ ಕರೆಯಿರಿ. ಪಾಪು ಬೆಚ್ಚಗೆ ಮಲಗಿರುವುದನ್ನು ಕಣ್ಣಾರೆ ಕಂಡರೆ ಅವರ ಭಯವೂ ಕಡಿಮೆಯಾಗುತ್ತದೆ.

ಇನ್ನು ಜಾಗ. ಈ ಸಲ ಸೊಬಗಿನ ಜಾಗ ಹುಡುಕಬೇಡಿ, ಸುಲಭದ ಜಾಗ ಹುಡುಕಿ. ಕಾರು ಟೆಂಟಿನ ಪಕ್ಕಕ್ಕೇ ಬರಬೇಕು. ಕುಡಿಯುವ ನೀರು ಮತ್ತು ಶೌಚಾಲಯ ಹತ್ತಿರ ಇರಬೇಕು. ಫೋನ್ ಸಿಗ್ನಲ್ ಸಿಗಬೇಕು. ಒಂದು ಗಂಟೆಯೊಳಗೆ ಆಸ್ಪತ್ರೆ ತಲುಪುವಂತಿರಬೇಕು. ಬೆಟ್ಟದ ಮೇಲಿನ ಜಾಗವಾದರೆ ಚಳಿಯ ಲೆಕ್ಕ ಹಾಕಿ. ಎತ್ತರ 1000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕೆಳಗಿನ ಊರಿನ ಹವಾಮಾನ ನೋಡಿ ಬಟ್ಟೆ ತುಂಬಿದರೆ ರಾತ್ರಿ ಒದ್ದಾಡಬೇಕಾಗುತ್ತದೆ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ ಅಂದರೆ ಈ ವಯಸ್ಸಿನ ಮಗುವನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಇದು ನನ್ನ ಗೆರೆ. ನೀವು ಚಳಿಯ ಸೀಮೆಯವರಾದರೆ ನಿಮ್ಮ ಅಭ್ಯಾಸ ಬೇರೆ ಇರಬಹುದು.

ಟೆಂಟ್ ಹಾಕುವಾಗ ಪೂರ್ವಕ್ಕೆ ಮರ ಇರುವ ಕಡೆ ನೋಡಿ. ಬೆಳಗಿನ ಬಿಸಿಲು ನೇರವಾಗಿ ಬಿದ್ದರೆ ಟೆಂಟಿನ ಒಳಗೆ ಬಹಳ ಬೇಗ ಕಾದುಬಿಡುತ್ತದೆ. ಅದೇ ಕಾರಣಕ್ಕೆ ಹಗಲು ಹೊತ್ತು ಮುಚ್ಚಿದ ಟೆಂಟಿನಲ್ಲಿ ಪಾಪುವನ್ನು ಮಲಗಿಸಬೇಡಿ, ಹೊರಗೆ ಮರದ ನೆರಳಲ್ಲಿ ಪರದೆ ಹಾಕಿ ಮಲಗಿಸಿ. ಆದರೆ ತಲೆ ಎತ್ತಿ ನೋಡುವುದು ಮರೆಯಬೇಡಿ. ಒಣಗಿದ ಕೊಂಬೆ ನೇತಾಡುತ್ತಿದ್ದರೆ ಆ ಮರ ಬೇಡ. ನೀರಿಲ್ಲದ ಹಳ್ಳದ ಪಾತ್ರ ಸಮತಟ್ಟಾಗಿ ಚೆನ್ನಾಗಿ ಕಾಣುತ್ತದೆ, ಅಲ್ಲೂ ಬೇಡ. ಮೇಲೆ ಎಲ್ಲೋ ಮಳೆ ಸುರಿದರೆ ಇಲ್ಲಿ ನೀರು ನುಗ್ಗುತ್ತದೆ. ಕೆಲವರು ಪಾಪುವಿನ ಅಳು ಪಕ್ಕದವರಿಗೆ ಕೇಳಿಸಬಾರದು, ಹೊಳೆಯ ಸದ್ದು ಅದನ್ನು ಮುಚ್ಚಲಿ ಅಂತ ದಡದ ಹತ್ತಿರವೇ ಟೆಂಟ್ ಹಾಕುತ್ತಾರೆ. 7 ವರ್ಷದ ಹುಡುಗ ಜೊತೆಗಿದ್ದಾನೆ, ಹಾಗೆ ಮಾಡಬೇಡಿ. ಮೂಲೆಯ ಜಾಗ ಸಿಕ್ಕರೆ ಸಾಕು. ಪಕ್ಕದ ಟೆಂಟಿನವರಿಗೆ ಸಂಜೆಯೇ ಹೋಗಿ 'ನಮ್ಮ ಜೊತೆ ಪಾಪು ಇದೆ, ರಾತ್ರಿ ಅತ್ತರೆ ಬೇಜಾರು ಮಾಡ್ಕೋಬೇಡಿ' ಅಂತ ಹೇಳಿ ಬನ್ನಿ.

ಪಾಪುವಿನ ನಿದ್ದೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮನೆಯಲ್ಲಿ ಜೋಪಾನ ಮಾಡುವವರೂ ಟೆಂಟಿನಲ್ಲಿ ಎಡವುವುದು ಇಲ್ಲೇ.

ಟೆಂಟಿನಲ್ಲೂ ಮನೆಯ ನಿಯಮವೇ. ಅಂಗಾತ ಮಲಗಿಸಬೇಕು. ಕೆಳಗಿನ ಹಾಸು ಗಟ್ಟಿಯಾಗಿ, ಮಟ್ಟಸವಾಗಿ ಇರಬೇಕು. ದಿಂಬು, ಸಡಿಲ ಹೊದಿಕೆ, ಮೆತ್ತನೆ ಗೊಂಬೆ ಯಾವುದೂ ಹತ್ತಿರ ಇರಬಾರದು. ಗಾಳಿ ತುಂಬುವ ಹಾಸಿಗೆಯ ಮೇಲೆ ಪಾಪುವನ್ನು ಎಂದೂ ಮಲಗಿಸಬೇಡಿ. ಅದು ಮೆತ್ತಗೆ ಕುಸಿಯುತ್ತದೆ, ಪಾಪು ಮಗುಚಿಕೊಂಡರೆ ಮುಖ ಅದರಲ್ಲಿ ಹೂತು ಉಸಿರು ಕಟ್ಟಬಹುದು. ಕಾರಿನ ಸೀಟಿನಲ್ಲೇ ನಿದ್ದೆ ಹೋಯಿತು, ಹಾಗೇ ಎತ್ತಿ ಟೆಂಟಿನಲ್ಲಿ ಇಟ್ಟರಾಯಿತು ಅನ್ನಬೇಡಿ. ಅದು ಪ್ರಯಾಣಕ್ಕೆ ಮಾತ್ರ. ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿದರೆ ಎಳೆಯ ಮಗುವಿನ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಜೋಳಿಗೆಯಲ್ಲೂ ಇದೇ ಎಚ್ಚರ. ಮುಖ ನಿಮಗೆ ಕಾಣುತ್ತಿರಬೇಕು, ಗದ್ದ ಎದೆಯಿಂದ ಮೇಲಿರಬೇಕು.

ಮಡಚುವ ಪುಟ್ಟ ಮಂಚ ಇದ್ದರೆ ಅದನ್ನೇ ಒಯ್ಯಿರಿ. ಅದರ ಜೊತೆ ಬಂದ ಹಾಸಿಗೆ ಬಿಟ್ಟು ಮೇಲೆ ಇನ್ನೇನೂ ಹಾಸಬೇಡಿ. ನೆಲದ ತಂಡಿ ತಡೆಯಬೇಕು ಅಂದರೆ ಫೋಮ್ ಚಾಪೆಯನ್ನು ಮಂಚದ ಕೆಳಗೆ, ನೆಲದ ಮೇಲೆ ಹಾಸಿ.

ಅತ್ತೆಯವರ ಚಳಿಯ ಭಯದಲ್ಲಿ ಸತ್ಯ ಇದೆ. ಚಿಕ್ಕ ಮೈ ನಮ್ಮ ಮೈಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ. ನಮ್ಮ ಹಾಗೆ ನಡುಗಿ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಪಾಪುಗಳಿಗೆ ಕಡಿಮೆ. ಆದರೆ ಅಷ್ಟೇ ಭಯ ಸೆಕೆಗೂ ಇರಬೇಕು. ಮೈ ವಿಪರೀತ ಬಿಸಿಯಾದರೆ ನಿದ್ದೆಯಲ್ಲೇ ಅಪಾಯ. ಚಳಿ ಅಂತ ಕುಲಾವಿಯ ಮೇಲೆ ಕುಲಾವಿ, ಕಂಬಳಿಯ ಮೇಲೆ ಕಂಬಳಿ ಹಾಕುವುದು ಸರಿಯಲ್ಲ. ನಿಮ್ಮ ಮೈಮೇಲೆ ಎಷ್ಟು ಪದರ ಬಟ್ಟೆ ಇದೆಯೋ ಅದಕ್ಕಿಂತ ಒಂದು ಜಾಸ್ತಿ ಸಾಕು. ಸಡಿಲ ಕಂಬಳಿಯ ಬದಲು ಪಾಪುವಿಗೇ ತೊಡಿಸುವ ಚೀಲದಂಥ ಮಲಗುವ ಬಟ್ಟೆ ಬರುತ್ತದಲ್ಲ, ತೋಳು ಹೊರಗೆ ಬಿಟ್ಟು ಜಿಪ್ ಹಾಕುವಂಥದ್ದು, ಅದು ಒಳ್ಳೆಯದು. ಬಟ್ಟೆಯಲ್ಲಿ ಕೈಕಾಲು ಸೇರಿಸಿ ಬಿಗಿಯಾಗಿ ಸುತ್ತುವ ಅಭ್ಯಾಸವಿದ್ದರೆ ಈಗ ನಿಲ್ಲಿಸಿ. ಮಗುಚಿಕೊಳ್ಳಲು ಶುರುಮಾಡಿದ ಪಾಪುವಿನ ಕೈ ಬಿಡುವಾಗಿರಬೇಕು. ದೊಡ್ಡವರ ಸ್ಲೀಪಿಂಗ್ ಬ್ಯಾಗಿನೊಳಗೆ ಎಳೆದುಕೊಂಡು ಮಲಗುವುದಂತೂ ಬೇಡವೇ ಬೇಡ.

ಬೆಚ್ಚಗಿದೆಯಾ ಅಂತ ನೋಡಲು ಕೈಬೆರಳು ಮುಟ್ಟಬೇಡಿ. ಪಾಪುವಿನ ಕೈಕಾಲು ಸುಮ್ನೆ ತಣ್ಣಗೇ ಇರುತ್ತವೆ. ಕುತ್ತಿಗೆಯ ಹಿಂದೆ ಅಥವಾ ಎದೆಯ ಮೇಲೆ ಕೈ ಇಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಹಾಕಿ. ರಾತ್ರಿಯ ಅತಿ ಹೆಚ್ಚಿನ ಚಳಿ ಬೆಳಗಾಗುವ ಸ್ವಲ್ಪ ಮೊದಲು. ಹಾಲಿಗೆ ಎದ್ದಾಗ ಹೇಗೂ ಎಚ್ಚರವಿರುತ್ತೀರಲ್ಲ, ಆಗ ಒಮ್ಮೆ ಕೈಯಿಟ್ಟು ನೋಡಿ.

ಟೆಂಟಿನ ಒಳಗೆ ಬಿಸಿ ಮಾಡಲು ಬೆಂಕಿ ತರಲೇಬೇಡಿ. ಗ್ಯಾಸ್ ಒಲೆ, ಕೆಂಡದ ಬಾಣಲೆ, ಆರುತ್ತಿರುವ ಇದ್ದಿಲು, ಎಣ್ಣೆಯ ದೀಪ ಯಾವುದೂ ಬೇಡ. ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು ಅನ್ನುವುದು ತಪ್ಪು ತಿಳಿವಳಿಕೆ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ.

ಸೊಳ್ಳೆಗೆ ಪರದೆಯೇ ಮೊದಲ ಉಪಾಯ. ಮಂಚಕ್ಕೆ ಒಂದು, ಹೊರಗೆ ಓಡಾಡುವಾಗ ಪಾಪುವಿನ ತಳ್ಳುಗಾಡಿಗೆ ಒಂದು. ತಿಳಿ ಬಣ್ಣದ, ಕೈಕಾಲು ಮುಚ್ಚುವ ತೆಳು ಬಟ್ಟೆ ಹಾಕಿ. ಸೊಳ್ಳೆ ಓಡಿಸುವ ಡೀಟ್ ಇರುವ ಮುಲಾಮನ್ನು 2 ತಿಂಗಳಾದ ಮೇಲೆ ಹಚ್ಚಬಹುದು, ಆದರೆ ಅದರ ಪ್ರಮಾಣ 30 ಶೇಕಡಾ ಮೀರಬಾರದು. ನಿಮ್ಮ ಅಂಗೈಗೆ ಹಾಕಿಕೊಂಡು, ಬಟ್ಟೆ ಮುಚ್ಚದ ಕಡೆ ಮಾತ್ರ ತೆಳ್ಳಗೆ ಸವರಿ. ಪಾಪುವಿನ ಕೈಗೆ, ಕಣ್ಣು ಬಾಯಿಯ ಹತ್ತಿರ ಬೇಡ, ಕೈ ಬಾಯಿಗೆ ಹೋಗುತ್ತದೆ. 'ನೈಸರ್ಗಿಕ' ಅಂತ ಬರೆದಿರುವ ನಿಂಬೆ ನೀಲಗಿರಿ ಎಣ್ಣೆ 3 ವರ್ಷದ ಒಳಗಿನ ಮಕ್ಕಳಿಗಲ್ಲ. ಬಿಸಿಲಿಗೂ ಇದೇ ರೀತಿ. 6 ತಿಂಗಳ ತನಕ ಸನ್‌ಸ್ಕ್ರೀನ್‌ಗಿಂತ ನೆರಳು, ಅಗಲ ಅಂಚಿನ ಟೋಪಿ, ತೆಳು ಬಟ್ಟೆ ಒಳ್ಳೆಯದು. ದೊಡ್ಡವರಿಬ್ಬರಿಗೆ ಧಾರಾಳವಾಗಿ ಹಚ್ಚಿ.

ಎದೆಹಾಲು ಕುಡಿಯುವ ಪಾಪುವಿಗೆ ಎಷ್ಟೇ ಸೆಕೆಯಿದ್ದರೂ ನೀರು ಕೊಡಬೇಡಿ. ಹಾಲು ಜಾಸ್ತಿ ಸಲ ಕೊಡಿ. ನೀರು ಕುಡಿಯಬೇಕಾದವರು ನೀವು. ಕ್ಯಾಂಪಿನಲ್ಲಿ ಎಲ್ಲರಿಗೂ ಬಡಿಸುತ್ತಾ ತಾಯಿ ತಾನು ಕುಡಿಯುವುದನ್ನೇ ಮರೆಯುತ್ತಾಳೆ. ಪ್ರತಿ ಸಲ ಹಾಲು ಕೊಡಲು ಕೂತಾಗ ಒಂದು ಲೋಟ ನೀರು ತಂದುಕೊಡುವ ಕೆಲಸವನ್ನು ಮಗನಿಗೆ ವಹಿಸಿ. 7 ವರ್ಷದವನಿಗೆ ಅದು ದೊಡ್ಡ ಜವಾಬ್ದಾರಿ, ಖುಷಿಯಾಗಿ ಮಾಡುತ್ತಾನೆ. ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಡೈಪರ್ ಒದ್ದೆಯಾದರೆ, ಬಾಯಿ ಒಣಗಿದ್ದರೆ, ನೆತ್ತಿ ಕುಳಿ ಬಿದ್ದ ಹಾಗೆ ಕಂಡರೆ, ಪಾಪು ಮಂಕಾಗಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೂ ಗಂಟುಮೂಟೆ ಕಟ್ಟಿ. ಮನೆಯಲ್ಲಾದರೆ ಸ್ವಲ್ಪ ನೋಡೋಣ ಅನ್ನಬಹುದು, ಕಾಡಿನಲ್ಲಿ ಬೇಡ.

ಡೈಪರ್ ವಿಷಯ ಚಿಕ್ಕದು. ದಿನಕ್ಕೆ ಹತ್ತರಂತೆ ಒಯ್ಯಿರಿ, ಮೇಲೆ ಒಂದು ದಿನದ್ದು ಜಾಸ್ತಿ ಇರಲಿ. ಬಳಸಿದ್ದನ್ನು ಹೂಳಬೇಡಿ, ಸುಡಬೇಡಿ. ಎರಡು ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ. ಸ್ಯಾನಿಟೈಸರ್ ಕೊಳೆ ತೆಗೆಯುವುದಿಲ್ಲ. ನಲ್ಲಿ ಇರುವ ಒಂದು ಕ್ಯಾನು ನೀರು ಮತ್ತು ಸೋಪು ಟೆಂಟಿನ ಬಾಗಿಲಲ್ಲೇ ಇರಲಿ.

ಈಗ ದೊಡ್ಡ ಮಕ್ಕಳಿಗೆ ಬರೋಣ. ನಿಜ ಹೇಳಬೇಕೆಂದರೆ ಈ ಪ್ರವಾಸ ಅವರದ್ದು. ಪಾಪುವಿಗೆ ನಿಮ್ಮ ಎದೆ, ಮರದ ಎಲೆ ಅಲ್ಲಾಡುವುದು, ಹಾಲು, ನಿದ್ದೆ ಇದ್ದರೆ ಸಾಕು. ಹತ್ತು ವರ್ಷದ ಮಗಳಿಗೆ ಎರಡು ವರ್ಷದ ಹಿಂದಿನದೆಲ್ಲ ನೆನಪಿದೆ. ಅವಳು ಇದನ್ನೂ ಅದರ ಪಕ್ಕ ಇಟ್ಟು ನೋಡುತ್ತಾಳೆ.

ಹಾಗಾಗಿ ಎರಡು ಟೆಂಟ್ ಒಯ್ಯಿರಿ ಅನ್ನುತ್ತೇನೆ. ಒಂದರಲ್ಲಿ ನೀವು ಮತ್ತು ಪಾಪು. ಇನ್ನೊಂದು ಪಕ್ಕಕ್ಕೇ, ಅದರಲ್ಲಿ ಅಪ್ಪ ಮತ್ತು ದೊಡ್ಡವರಿಬ್ಬರು. ಪಾಪು ಮೂರು ಸಲ ಎದ್ದರೂ ಅವರ ನಿದ್ದೆ ಕೆಡುವುದಿಲ್ಲ. ಅವರ ಪಿಸುಮಾತು, ಟಾರ್ಚಿನ ಆಟ, ನಗು ಯಾವುದಕ್ಕೂ 'ಶ್, ಪಾಪು ಮಲಗಿದೆ' ಅನ್ನುವ ಮಾತು ಬೀಳುವುದಿಲ್ಲ. ಮನೆಯಲ್ಲಿ ಐದು ತಿಂಗಳಿಂದ ಆ ಮಾತು ಎಷ್ಟು ಸಲ ಕೇಳಿದ್ದಾರೋ, ಅಲ್ವಾ?

ಮಗಳಿಗೆ ನಿಜವಾದ ಕೆಲಸ ಕೊಡಿ. ಹವಾಮಾನ ನೋಡುವುದು, ಟೆಂಟಿನ ಹಗ್ಗ ಬಿಗಿ ಇದೆಯಾ ಅಂತ ಸಂಜೆ ಪರೀಕ್ಷಿಸುವುದು, ನಕ್ಷೆ ಹಿಡಿದು ದಾರಿ ಹೇಳುವುದು. ಆದರೆ ಪಾಪುವನ್ನು ಕಾಯುವ ಕೆಲಸ ಬೇಡ. 'ಎರಡು ನಿಮಿಷ ನೋಡ್ತಿರು' ಅಂತ ಬೆಂಕಿಯ ಹತ್ತಿರ, ನೀರಿನ ಹತ್ತಿರ ಬಿಟ್ಟುಹೋಗಬೇಡಿ. ಏನಾದರೂ ಆದರೆ ಆ ಹೊರೆಯನ್ನು ಅವಳು ಜೀವನವಿಡೀ ಹೊರುತ್ತಾಳೆ. ಕೈ ಎಣಿಸುವಾಗ ಮಕ್ಕಳ ಕೈ ಸೇರಿಸಬಾರದು.

ನೀರಿನಲ್ಲಿ ಮುಳುಗುವ ಮಗು ಕಿರುಚುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ ಕೆಲವೇ ಕ್ಷಣದಲ್ಲಿ ಮುಳುಗುತ್ತದೆ. ಕಾಯುವವರ ಕೈಯಲ್ಲಿ ಫೋನ್ ಇರಬಾರದು, ಪಾಪುವೂ ಇರಬಾರದು. ಈಜು ಬಾರದ ಮಗು ಕೈಗೆಟುಕುವಷ್ಟು ಹತ್ತಿರ ಇರಬೇಕು, ಲೈಫ್ ಜಾಕೆಟ್ ಹಾಕಿರಬೇಕು.

ಬೆಂಕಿಯ ಸುತ್ತ ಒಂದು ಮೀಟರ್ ದೂರಕ್ಕೆ ಮಕ್ಕಳ ಕೈಯಲ್ಲೇ ಕಲ್ಲಿನ ಗೆರೆ ಹಾಕಿಸಿ. ಕೇಳದೆ ಗೆರೆ ದಾಟುವಂತಿಲ್ಲ. ಬೆಳಿಗ್ಗೆ ಆರಿದಂತೆ ಕಾಣುವ ಬೂದಿಯ ಕೆಳಗೂ ಕೆಂಡ ಇರುತ್ತದೆ. ಬರಿಗಾಲಲ್ಲಿ ಅದರ ಮೇಲೆ ಓಡಿ ಸುಟ್ಟುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಮಲಗುವ ಮೊದಲು ನೀರು ಸುರಿದು, ಕಡ್ಡಿಯಿಂದ ಕೆದಕಿ, ಮತ್ತೆ ನೀರು ಸುರಿಯಿರಿ. ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಎಣ್ಣೆ ಬೇಡ, ಟೂತ್‌ಪೇಸ್ಟ್ ಬೇಡ.

ಇಬ್ಬರ ಕೊರಳಿಗೂ ಒಂದೊಂದು ಸೀಟಿ ಹಾಕಿ. ದಾರಿ ತಪ್ಪಿದರೆ ಹುಡುಕಿಕೊಂಡು ಓಡಬಾರದು, ಹತ್ತಿರದ ಮರವನ್ನು ಅಪ್ಪಿಕೊಂಡು ನಿಲ್ಲಬೇಕು, ಮೂರು ಸಲ ಸೀಟಿ ಊದಬೇಕು, ಸ್ವಲ್ಪ ಬಿಟ್ಟು ಮತ್ತೆ ಊದಬೇಕು. ಮನೆಯಲ್ಲೇ ಒಮ್ಮೆ ಆಟದಂತೆ ಆಡಿಸಿ ನೋಡಿ. ಗುಡುಗು ಕೇಳಿದರೆ ಎಲ್ಲರೂ ಕಾರಿನೊಳಗೆ. ಟೆಂಟ್ ಸಿಡಿಲಿನಿಂದ ಕಾಪಾಡುವುದಿಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆದ ಮೇಲೆ ಹೊರಗೆ ಬನ್ನಿ.

ಹೊರಡುವ ಮೊದಲಿನ ವಾರ ಮನೆಯಲ್ಲೇ ಟೆಂಟ್ ಬಿಚ್ಚಿ ನಿಲ್ಲಿಸಿ. ಪಾಪು ಹಗಲು ಎರಡು ಸಲ ಅದರೊಳಗೆ, ಬಾಗಿಲು ತೆರೆದು, ನಿಮ್ಮ ಕಣ್ಣೆದುರೇ ಮಲಗಲಿ. ಹೋಗುವುದು ಎರಡು ರಾತ್ರಿಗೇ ಇರಲಿ. ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ, ಒಂದೇ ರಾತ್ರಿಗೆ ಹೋದರೆ ಅದೊಂದೇ ನೆನಪಿನಲ್ಲಿ ಉಳಿಯುತ್ತದೆ. ಆದರೆ ಒಂದು ಒಪ್ಪಂದ ಮಾಡಿಕೊಳ್ಳಿ. ನಿಮ್ಮಿಬ್ಬರಲ್ಲಿ ಯಾರೇ 'ಹೊರಡೋಣ' ಅಂದರೂ ವಾದ ಇಲ್ಲ, ಹೊರಡುವುದೇ. ಇದನ್ನು ದೊಡ್ಡ ಮಕ್ಕಳಿಗೂ ಮೊದಲೇ ಹೇಳಿ. ಮಧ್ಯರಾತ್ರಿ ದಿಢೀರನೆ ಹೇಳಿದರೆ ಅದು ಪಾಪುವಿನ ತಪ್ಪು ಅಂತ ಅವರಿಗೆ ಅನಿಸುತ್ತದೆ.

ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ತಾರೀಕು ಹೇಳಿ. ಎರಡನೆಯ ದಿನ ಬೆಳಗ್ಗೆ ಪೂರ್ತಿ ಅವಳದ್ದು, ಎಲ್ಲಿಗೆ ಹೋಗಬೇಕು ಅಂತ ಅವಳೇ ಆರಿಸಲಿ, ಅಪ್ಪ ಮತ್ತು ತಮ್ಮ ಅವಳ ಹಿಂದೆ ಬರುತ್ತಾರೆ ಅಂತ ಹೇಳಿ. ನೀವು ಮತ್ತು ಪಾಪು ಟೆಂಟಿನ ಹತ್ತಿರ ನೆರಳಲ್ಲಿ ಇರುತ್ತೀರಿ. ಮಧ್ಯಾಹ್ನ ಪಾಪುವಿಗೆ ಹೊಟ್ಟೆ ತುಂಬ ಹಾಲು ಕೊಟ್ಟು ಅಪ್ಪನ ಕೈಗೆ ಕೊಡಿ. ಆಗ ನೀವು ಮಗಳ ಜೊತೆ ಹೊರಡಿ, ನೀವಿಬ್ಬರೇ. ಬೆಳಗ್ಗೆ ಅವಳು ಕಂಡದ್ದನ್ನು ನಿಮಗೆ ತೋರಿಸಬೇಕು ಅಂತ ಕಾಯುತ್ತಿರುತ್ತಾಳೆ.